ಮಾರ್ಚ್ ಹದಿನಾಲ್ಕರ ತರಬೇತಿ

ಹತ್ತೊಂಬತ್ತು ವರ್ಷ ನೆರೆ ಸಂತ್ರಸ್ತರ ಸೇವೆ ಮಾಡಿ ಗಳಿಸಿದ ಹೆಸರು ಬಾಮೈದನ ಚಪಲಕ್ಕೆ ಮಣ್ಣುಪಾಲಾಗಬೇಕೇ? ಪರಿಹಾರ ಸಂಸ್ಥೆಯ ನಿರ್ದೇಶಕರಿಗೆ ಹೊಟ್ಟೆ ಉರಿದುಹೋಯಿತು. ಶಿಬಿರದ ಉಗ್ರಾಣಕ್ಕೆ ಅವನನ್ನು ತಂದು ಕೂರಿಸಿದ್ದು ತಾವೇ ಎಂಬುದು ಬೇರೆ ಮಾತು. ಹೆಂಡತಿಯ ತಮ್ಮ, ಎಲ್ಲಾದರೂ ಕೂರಿಸಲೇಬೇಕಿತ್ತು. ಈಗ ದೇಣಿಗೆದಾರರಿಂದ ಎರಡೇ ಸಾಲಿನ ನೋಟಿಸು ಬಂದಿತ್ತು: ಕಂಬಳಿ ಕೇಳಲು ಹೋದ ಹೆಂಗಸನ್ನು ಉಗ್ರಾಣದವನು ಕೋಣೆಗೆ ಕರೆದನೆಂದು ದೂರು ಬಂದಿದೆ. ಮಾರ್ಚ್ ಹದಿನಾಲ್ಕರ ಬಗ್ಗೆ ಸೋಮವಾರ ವಿವರಣೆ ಕೊಡಿ. ತಪ್ಪಿದರೆ ಕುರ್ಚಿ ಹೋಗುತ್ತಿತ್ತು.

“ಅವತ್ತು ಏನೋ ಮಾಡ್ದೆ?”

“ಯಾವತ್ತು ಏನು ಮಾಡ್ದೆ ಅಂತ ಹೇಗೆ ನೆನಪಿಟ್ಕೊಳ್ಳೋದು ಭಾವ?”

ಆ ಉತ್ತರದಲ್ಲಿ ಎಷ್ಟು ಹೆಂಗಸರಿದ್ದಾರೆಂದು ನಿರ್ದೇಶಕರು ಎಣಿಸಲು ಹೋಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥದ್ದೊಂದು ಉಪಾಯ ಆಗಲೇ ಹೊಳೆದಿತ್ತು.

ಮಾರ್ಚ್ ಹದಿನಾಲ್ಕರಂದು ಮುಖ್ಯ ಕಚೇರಿಯಲ್ಲಿ ಇಡೀ ದಿನದ ತರಬೇತಿ ನಡೆದಿತ್ತು, ಅಂದರೆ ಈಗ ನಡೆಯಿತು. ವಿಷಯ: ಲೈಂಗಿಕ ಕಿರುಕುಳ ತಡೆಯುವಲ್ಲಿ ಮುಖ್ಯಸ್ಥರ ಹೊಣೆ. ಪಾಠ ಮಾಡಿದವರು ಸಾಕ್ಷಾತ್ ನಿರ್ದೇಶಕರು. ಹಾಜರಿ ಹಾಳೆಯಲ್ಲಿ ಮೊದಲ ಸಹಿ ಬಾಮೈದನದು. ಉಳಿದ ಮೂವತ್ತೊಂದು ಜನರಿಗೆ ಕೆಲಸ ಮುಂದುವರಿಸುವ ಕಾಗದದ ಜೊತೆಗೇ ಆ ಹಾಳೆಯನ್ನೂ ಚಾಚಿದರು. ಎಲ್ಲರೂ ಎರಡಕ್ಕೂ ಸಹಿ ಹಾಕಿದರು. ನಾಲ್ಕು ಬಗೆಯ ಪೆನ್ನು ಬಳಸಿದರು. ಹಾಳೆ ಹಳತಾಗಲೆಂದು ಟೀ ಚಿಮುಕಿಸಿ ಫ್ಯಾನಿನ ಕೆಳಗೆ ಒಣಗಿಸಿದರು. ಫೋಟೋಗೆ ಹಿಂದಿನ ವರ್ಷದ ಸಭೆಯದೊಂದು ಸಿಕ್ಕಿತು. ಅದರಲ್ಲಿ ಎಲ್ಲರೂ ತೂಕಡಿಸುತ್ತಿದ್ದುದರಿಂದ ತರಬೇತಿಯೆಂದು ಯಾರಾದರೂ ನಂಬುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ಬಾಮೈದನಿಗೆ ಐವತ್ತಕ್ಕೆ ನಲವತ್ತೆಂಟು. ಪೂರ್ತಿ ಕೊಟ್ಟರೆ ಅನುಮಾನ ಬರುತ್ತದೆ.

ಸೋಮವಾರ ದೇಣಿಗೆದಾರರ ಕಡೆಯಿಂದ ನಿರ್ದೇಶಕರ ಕೋಣೆಗೆ ವಿಚಾರಣೆಗೆ ಬಂದ ನರೆಗೂದಲಿನ ಅಧಿಕಾರಿಣಿ ಕಡತವನ್ನು ನಿಧಾನವಾಗಿ ತಿರುವಿದರು.

“ಅವತ್ತು ಇಡೀ ದಿನ ನೀವು ಇಲ್ಲೇ ಇದ್ರಾ ಸಾರ್?”

“ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಮೇಡಂ. ಜವಾಬ್ದಾರಿ ನೋಡಿ, ಕದಲಲಿಲ್ಲ. ಮೂವತ್ತೆರಡು ಜನ ಸಾಕ್ಷಿ ಇದ್ದಾರೆ.”

“ಹಾಗಾದ್ರೆ ಅಷ್ಟನ್ನ ಬರೆದು ಸಹಿ ಹಾಕಿಬಿಡಿ.”

ನಿರ್ದೇಶಕರು ಉತ್ಸಾಹದಿಂದ ಬರೆದು, ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದರು.

ಆಮೇಲೆ ಆಕೆ ಪೂರ್ತಿ ದೂರನ್ನು ಬಿಡಿಸಿ ಓದಿದರು. ಉಗ್ರಾಣದವನು ಹೆಂಗಸನ್ನು ಕೋಣೆಗೆ ಕರೆದದ್ದು ಫೆಬ್ರವರಿಯಲ್ಲಿ. ಆ ಬಗ್ಗೆ ಇನ್ನೂ ಆರು ಹೆಂಗಸರ ಹೇಳಿಕೆಗಳಿದ್ದವು. ಮಾರ್ಚ್ ಹದಿನಾಲ್ಕು, ಕಂಬಳಿ ಕೇಳಿದ ಆ ಹೆಂಗಸು ಎರಡು ಬಸ್ಸು ಬದಲಿಸಿ ಇದೇ ಕೋಣೆಗೆ ಬಂದು ನಿರ್ದೇಶಕರೆದುರು ಅತ್ತ ದಿನ. ಅವರು ತಲೆ ಎತ್ತದೆಯೇ, “ಕಂಬಳಿ ಸಿಕ್ತಲ್ಲಮ್ಮ, ಇನ್ನೇನು?” ಎಂದು ಕಳಿಸಿದ್ದರಂತೆ. ಹೌದು, ಯಾರೋ ಒಬ್ಬಳು ಬಂದಿದ್ದಳು. ನಿರ್ದೇಶಕರಿಗೆ ಅದು ನೆನಪಾದದ್ದೇ ಈಗ. ಅಧಿಕಾರಿಣಿ ಅವರು ಸಹಿ ಹಾಕಿದ ಹೇಳಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. “ದೂರಿನ ಈ ಎರಡನೇ ಭಾಗ ನಿಮ್ಮ ಮೇಲೆ ಸಾರ್. ಅವತ್ತು ನೀವು ಊರಲ್ಲಿದ್ರಿ ಅನ್ನೋದಕ್ಕೇ ನಮ್ಮ ಹತ್ರ ಒಂದು ಚೂರು ಕಾಗದ ಇರ್ಲಿಲ್ಲ.”