ಕರಾರಿನ ಮೇಲಿನ ಕೆಂಪು ಕಲೆ

ಬುಧವಾರ ಸಂಜೆ ಅಶ್ಲಿನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಬೆಲ್ಲಾ ಸಿಕ್ವೇರಾ ಮೇಜುಬಟ್ಟೆಯ ಜೊತೆ ಯುದ್ಧಕ್ಕೆ ನಿಂತಿದ್ದಳು. ಭಾನುವಾರದ ಮೀನಿನ ಗಸಿ ಚೆಲ್ಲಿದ ಬಟ್ಟೆ ಅದು.

"ತೊಳೆದಷ್ಟೂ ಹೆಚ್ಚಾಗ್ತದೆ ಮಾರಾಯ್ತಿ, ಎಂತ ಕರ್ಮ ಇದು!"

"ತೊಳೀಬ್ಯಾಡ ಅಂದ್ನಿಲ್ಲ? ಬಿಸಿಲಿಗೆ ಹಾಕು. ಬಿಸಿಲಽ ತಿಂತದ ಅದನ್ನ," ಎಂದು ಮೇಲಿನ ಫ್ಲಾಟಿನ ಕಲ್ಯಾಣಿಯಕ್ಕ ಚಹಾ ಹೀರುತ್ತ ಕೂತಲ್ಲಿಂದಲೇ ಅಪ್ಪಣೆ ಕೊಟ್ಟರು.

"ಈ ಇಂಗ್ಲಿಷರ ಟೂಟಿಂಗಿನಲ್ಲಿ ಬಿಸಿಲು ಎಲ್ಲಿಂದ ತರುದು ಅಕ್ಕಾ? ಕೌನ್ಸಿಲಿಗೆ ಅರ್ಜಿ ಹಾಕುದಾ?"

ಅಶ್ಲಿನ್ ಬ್ಯಾಗನ್ನು ನೆಲಕ್ಕೆ ಬಿಟ್ಟು ಸೋಫಾದ ಮೇಲೆ ಕುಸಿದಳು. "ಮಾವ್ಶಿ, ಇಟ್ಸ್ ಓವರ್," ಎಂದವಳೇ ಅಳತೊಡಗಿದಳು.

ಅಶ್ಲಿನ್ ಬೆಲ್ಲಾಳ ತಂಗಿಯ ಮಗಳು. ಅಪ್ಪ ಸ್ವಿಂಡನ್ನಿನಲ್ಲಿ ಬಸ್ಸು ಓಡಿಸುತ್ತಾನೆ. ಹುಡುಗಿ ಕಾನೂನು ಓದುತ್ತಿದ್ದಳು. 1998ರ ಆ ಬೇಸಿಗೆ ಸಿಟಿಯ ದೊಡ್ಡದೊಂದು ಲಾ ಫರ್ಮು ಅವಳನ್ನು ಮೂರು ವಾರದ ಕೆಲಸಕ್ಕೆ ಕರೆದಿತ್ತು, ಅಷ್ಟು ದಿನ ಅವಳು ಬೆಲ್ಲಾಳ ಮನೆಯಲ್ಲೇ ಇದ್ದಳು. ರಜೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿ, ಕೆಲಸ ಕೊಟ್ಟು ನೋಡಿ, ಮೆಚ್ಚಿದವರಿಗೆ ಓದು ಮುಗಿದ ಮೇಲೆ ಬನ್ನಿ ಎಂದು ಮಾತು ಕೊಡುವುದು ಅಲ್ಲಿಯ ಪದ್ಧತಿ. ಮಾತು ಸಿಕ್ಕರೆ ಬದುಕು ದಡ ಸೇರಿದಂತೆ. ಶುಕ್ರವಾರ ಅದು ಗೊತ್ತಾಗಬೇಕಿತ್ತು. ವಶೀಲಿ ಇಲ್ಲದ ಮನೆಯ ಹುಡುಗಿಗೆ ಇಂಥ ಬಾಗಿಲು ಎರಡನೇ ಸಲ ತೆರೆಯುವುದಿಲ್ಲ ಎಂಬುದು ಬೆಲ್ಲಾಳಿಗೂ ಗೊತ್ತಿತ್ತು.

"ಅಳೂದು ಆಮ್ಯಾಲ. ಮೊದಲಿಂದ ಹೇಳವಾ," ಎಂದರು ಕಲ್ಯಾಣಿಯಕ್ಕ.

ಧಾರವಾಡದ ಈ ಹೆಂಗಸು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ಪಟ್ಟಿಗಳಿಗೆ ಬಣ್ಣ ಹಾಕಿ ರೋಗ ಹುಡುಕಿದವರು. ನಿವೃತ್ತಿಯಾದ ಮೇಲೆ ಮನುಷ್ಯರ ಸುಳ್ಳು ಹುಡುಕುವ ಚಟ ಹತ್ತಿಸಿಕೊಂಡಿದ್ದರು. ಯುಗಾದಿ ಊಟದಲ್ಲಿ ಮಾಯವಾದ ಬೆಳ್ಳಿ ದೀಪದಿಂದ ಹಿಡಿದು ಎಜ್‌ವೇರಿನ ಡಾಕ್ಟರ ಮನೆಯ ಅನಾಮಧೇಯ ಪತ್ರದವರೆಗೆ ಎಲ್ಲವೂ ಅವರ ಮುಂದೆ ಬಿಚ್ಚಿಕೊಂಡಿತ್ತು. ಪ್ರತಿ ಸಲವೂ ಅವರ ಹಿಂದೆ ಕೊಡೆ ಹಿಡಿದು ಹೋಗಿದ್ದವಳು ಬೆಲ್ಲಾ.

ಅಶ್ಲಿನ್ ಮೂಗು ಒರೆಸಿಕೊಂಡು ಹೇಳಿದಳು. ಮಂಗಳವಾರ ಬೆಳಿಗ್ಗೆ ಕಕ್ಷಿದಾರರು ಒಂದು ದೊಡ್ಡ ಕರಾರಿಗೆ ಸಹಿ ಹಾಕಿದ್ದರು. ಪುಟಗಳು ಸರಿಯಾಗಿವೆಯೇ ನೋಡೆಂದು ಫರ್ಮಿನ ಪಾಲುದಾರೆ ಮಿಸೆಸ್ ವಿಟ್‌ಬಿ ಆ ಮೂಲ ಪ್ರತಿಯನ್ನು ಅಶ್ಲಿನ್ ಕೈಗೆ ಕೊಟ್ಟರು. ಹನ್ನೆರಡೂವರೆಗೆ ಅವಳು ಅದನ್ನು ಮೀಟಿಂಗ್ ರೂಮಿನ ಮೇಜಿನ ಮೇಲಿಟ್ಟು ಲೈಬ್ರರಿಗೆ ಹೋದಳು. ಎರಡಕ್ಕೆ ಬಂದಾಗ ಕರಾರು ಇರಲಿಲ್ಲ. ಬುಧವಾರ ಬೆಳಿಗ್ಗೆ ಅದು ಸಿಕ್ಕಿದ್ದು ಅವಳದೇ ಡ್ರಾಯರಿನಲ್ಲಿ, ಸಹಿಯ ಪುಟದ ಮೇಲೆ ಕೆಂಪು ಕಲೆಯೊಂದಿಗೆ, ಅವಳ ಕೆಂಪು ಪೆನ್ನಿನ ಪಕ್ಕ.

"ಐ ನೆವರ್ ಟಚ್ಡ್ ಇಟ್ ವಿತ್ ಎ ಪೆನ್! ನಾನೇ ಹಾಳು ಮಾಡಿ ಬಚ್ಚಿಟ್ಟೆ ಅಂತಾರೆ. ನಾಳೆ ಹತ್ತಕ್ಕೆ ಮನೆಯವರನ್ನು ಕರೆದುಕೊಂಡು ಬಾ ಅಂದಿದ್ದಾರೆ."

"ಆ ರೂಮಿನಾಗ ಮತ್ತ ಯಾರು ಯಾರು ಓಡಾಡಿದ್ರು?"

"ಟೂ ಪೀಪಲ್. ನನ್ನ ಜೊತೆಯ ಸ್ಟೂಡೆಂಟ್ ಜೂಲಿಯನ್, ಮತ್ತೆ ನಮಗೆ ಕೆಲಸ ಕೊಡುವ ಕಿರಿಯ ವಕೀಲ ಸೈಮನ್ ಪೆಕ್. ಊಟ ಅಲ್ಲೇ ಇಟ್ಟಿದ್ದರು. ಎಗ್ ಸ್ಯಾಂಡ್‌ವಿಚ್, ಕೊರೊನೇಷನ್ ಚಿಕನ್ ಸ್ಯಾಂಡ್‌ವಿಚ್."

"ನೀ ಏನ್ ತಿಂದಿ?"

ಅಶ್ಲಿನ್ ಮಾವ್ಶಿಯ ಮುಖ ನೋಡಿ ತಲೆ ತಗ್ಗಿಸಿದಳು. "ವೆಲ್, ಡಬ್ಬಿ ಇತ್ತಲ್ಲ."

"ಕಲೆ ಹೆಂಗಿತ್ತು? ಗೀಟಿನಂಗೋ, ಒರೆಸಿದಂಗೋ?"

"ಒರೆಸಿದ ಹಾಗೆ. ಪೇಪರ್ ಒರಟಾಗಿತ್ತು. ಆಂಡ್ ಇಟ್ ಸ್ಮೆಲ್ಟ್ ಆಫ್ ಸೋಪ್."

ಕಲ್ಯಾಣಿಯಕ್ಕ ಎದ್ದರು. ಅಶ್ಲಿನಳ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಮೂಸಿದರು, ಮುಚ್ಚಳ ತಿರುವಿ ನೋಡಿದರು. ಡಬ್ಬಿ ಫಳಫಳ ಹೊಳೆಯುತ್ತಿತ್ತು. "ಬೆಲ್ಲಾ, ಈಕಿ ಮನ್ಯಾಗ ಎಂದಾದ್ರೂ ಒಂದು ಲೋಟ ತೊಳದಾಳೇನು?"

"ಲೋಟವಾ? ತಿಂದ ತಟ್ಟೆ ಸಿಂಕಿಗೆ ಹಾಕಿದರೆ ನಮ್ಮ ಪುಣ್ಯ!"

"ಹಂಗಾರ ನಾಳೆ ನಾನೂ ಬರ್ತೀನಿ," ಎಂದು ಅವರು ನಕ್ಕರು. ಯಾಕೆ ನಕ್ಕರೆಂದು ಬೆಲ್ಲಾಳಿಗೆ ತಿಳಿಯಲಿಲ್ಲ. ಕೇಳಿದರೂ ಅಕ್ಕ ಹೇಳುವವರಲ್ಲ.

ಮರುದಿನ ಫರ್ಮಿನ ಬಾಗಿಲಲ್ಲಿ ಕಾವಲಿನ ಮೇಜಿನ ಹಿಂದಿದ್ದ ಧಡೂತಿ ಆಸಾಮಿ ಅಶ್ಲಿನಳ ಪಕ್ಕದಲ್ಲಿ ಬೆಲ್ಲಾಳನ್ನು ಕಂಡದ್ದೇ ಎದ್ದು ನಿಂತ. "ಓಹೋ, ಆಂಟಿ ಎಂದರೆ ನೀವೇನಾ!" ಎಂದು ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಕುಲುಕಿದ. ಅವನ ಹೆಸರು ಕ್ಲಾರೆನ್ಸ್. ಅಶ್ಲಿನ್ ಕೆಂಪಾಗಿ ಲಿಫ್ಟಿನ ಕಡೆ ಓಡಿದಳು. ಗುರುತಿಲ್ಲದವನಿಗೆ ಇಷ್ಟು ಪ್ರೀತಿ ಯಾಕೋ ಎಂದು ಬೆಲ್ಲಾ ಬೆರಗಾದಳು.

ಮೇಲಿನ ರೂಮಿನಲ್ಲಿ ಮೂವರು ಕಾದಿದ್ದರು. ಬೆಳ್ಳಿಗೂದಲಿನ ಮಿಸೆಸ್ ವಿಟ್‌ಬಿ. ಉಗುರು ಕಚ್ಚುತ್ತಿದ್ದ ಜೂಲಿಯನ್. ಮತ್ತೆ ಸೈಮನ್ ಪೆಕ್. ಪೆಕ್ ನೀಟಾದ ಹುಡುಗ, ಕೆನೆಬಣ್ಣದ ಪಟ್ಟಿಯಿದ್ದ ಕಾಲೇಜಿನ ಟೈ ಕಟ್ಟಿದ್ದ. ಟೈಯ ಕ್ಲಿಪ್ಪು ಮಾತ್ರ ಎದೆ ಬಿಟ್ಟು ಹೊಟ್ಟೆಯ ಹತ್ತಿರ ಇಳಿದಿತ್ತು. ಇಷ್ಟು ಓದಿದವನಿಗೆ ಕ್ಲಿಪ್ಪು ಹಾಕಲು ಬರುವುದಿಲ್ಲವಲ್ಲ ಎಂದುಕೊಂಡಳು ಬೆಲ್ಲಾ.

"ಕಕ್ಷಿದಾರರು ಇವತ್ತು ಬೆಳಿಗ್ಗೆ ಹೊಸ ಪ್ರತಿಗೆ ಸಹಿ ಹಾಕಿದ್ದಾರೆ," ಎಂದರು ಮಿಸೆಸ್ ವಿಟ್‌ಬಿ. "ಕಾಗದ ಹಾಳಾದದ್ದು ದೊಡ್ಡದಲ್ಲ, ಯಾರ ಕೈಯಿಂದಲೂ ಆಗುತ್ತದೆ. ಬಚ್ಚಿಟ್ಟದ್ದು ದೊಡ್ಡದು. ಬಚ್ಚಿಟ್ಟವರನ್ನು ನಾನು ಇಲ್ಲಿ ಇಟ್ಟುಕೊಳ್ಳುವುದಿಲ್ಲ."

"ಹಾಗಾದರೆ ಈ ಹಳೆಯ ಪ್ರತಿ ಇನ್ನು ರದ್ದಿ. ಮುಟ್ಟಬಹುದಾ?" ಕಲ್ಯಾಣಿಯಕ್ಕನ ಇಂಗ್ಲಿಷಿಗೂ ಧಾರವಾಡದ ಗತ್ತಿತ್ತು. ಮಿಸೆಸ್ ವಿಟ್‌ಬಿ ಹೂಂ ಎಂದರು.

ಅಕ್ಕ ಚಹಾದ ತಟ್ಟೆಯಲ್ಲಿದ್ದ ನಿಂಬೆಯ ಹೋಳೆತ್ತಿ ಕೆಂಪು ಕಲೆಯ ಮೇಲೆ ಎರಡು ಹನಿ ಹಿಂಡಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆಯೇ ಕೆಂಪು ಕರಗಿ ಹಚ್ಚ ಹಳದಿಯಾಯಿತು.

"ಇಂಕು ಹೀಗೆ ಮಾಡುವುದಿಲ್ಲ. ಇದು ಅರಿಶಿನ," ಎಂದರು ಅಕ್ಕ. "ನಮ್ಮಲ್ಲಿ ಮದುಮಕ್ಕಳಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತೇವೆ. ನೀರು ರಕ್ತದಂತೆ ಕೆಂಪಾಗುತ್ತದೆ. ಸುಣ್ಣದ ಗುಣ ಸೋಪಿನಲ್ಲೂ ಇದೆ, ಹುಳಿ ಬಿದ್ದರೆ ಮತ್ತೆ ಹಳದಿ. ನಮ್ಮ ಬೆಲ್ಲಾಳ ಮೇಜುಬಟ್ಟೆಯೂ ಸೋಪು ಹಾಕಿದಷ್ಟೂ ಕೆಂಪಾಗಿಯೇ ಅವಳ ತಲೆ ತಿಂದದ್ದು. ಯಾರೋ ಕರಾರಿನ ಮೇಲೆ ಹಳದಿ ತಿಂಡಿ ಚೆಲ್ಲಿದರು. ಒದ್ದೆ ಸೋಪಿನಿಂದ ಒರೆಸಿದರು. ಅದು ಕೆಂಪಾದಾಗ ಹೆದರಿದರು. ಆಗ ಈ ಹುಡುಗಿಯ ಕೆಂಪು ಪೆನ್ನು ನೆನಪಾಯಿತು."

ಅರಿಶಿನ ಎಂದ ಕೂಡಲೇ ಎಲ್ಲರ ಕಣ್ಣೂ ಅಶ್ಲಿನಳತ್ತ ತಿರುಗಿದವು. ಮಂಗಳವಾರದ ಡಬ್ಬಿಗೆ ಬಂಗುಡೆ ಮೀನಿನ ಗಸಿ ತುಂಬಿದ್ದು ಬೆಲ್ಲಾಳೇ. ಕಾಪಾಡಲು ಬಂದ ಅಕ್ಕ ಹುಡುಗಿಯನ್ನು ಬಾವಿಗೇ ನೂಕಿದರಲ್ಲ!

"ಆ ಡಬ್ಬಿಯ ಕತೆಗೆ ಕೆಳಗಿನ ಕ್ಲಾರೆನ್ಸನನ್ನು ಕರೆಸಿ," ಎಂದರು ಅಕ್ಕ.

ಕ್ಲಾರೆನ್ಸ್ ಬಂದ. ಟೋಪಿ ತೆಗೆದು ಅಶ್ಲಿನಳತ್ತ ಕ್ಷಮೆ ಕೇಳುವಂತೆ ನೋಡಿದ. "ಮೂರು ವಾರದಿಂದ ಈ ಮಗು ಬೆಳಿಗ್ಗೆ ಬರುವಾಗಲೇ ತನ್ನ ಡಬ್ಬಿ ನನಗೆ ಕೊಡುತ್ತಾಳೆ, ಮೇಡಂ. ನಾನು ಕೆಳಗೇ ತಿಂದು, ತೊಳೆದು ಸಂಜೆ ಕೊಡುತ್ತೇನೆ. ಮಂಗಳವಾರ ಮೀನಿತ್ತು. ಅಂಥ ಮೀನು ನನ್ನ ತಾಯಿ ಹೋದ ಮೇಲೆ ತಿಂದಿರಲಿಲ್ಲ."

"ಯಾಕೆ ಮಗಾ?" ಎಂದಳು ಬೆಲ್ಲಾ.

"ಸಾರಿ, ಮಾವ್ಶಿ. ಆಫೀಸೆಲ್ಲ ಕರಿ ವಾಸನೆ ಅಂತ ನಗ್ತಾರೆ ಅಂದ್ಕೊಂಡೆ. ದಿನಾ ಲೈಬ್ರರಿಯಲ್ಲಿ ಬಿಸ್ಕೆಟ್ ತಿಂದೆ." ಅಶ್ಲಿನಳ ಕಣ್ಣು ತುಂಬಿತ್ತು. ಬೆಲ್ಲಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನರ್ಸಾಗಿ ಈ ದೇಶಕ್ಕೆ ಹೊಸದಾಗಿ ಬಂದ ವರ್ಷ ಅವಳೂ ನರ್ಸುಗಳ ರೂಮಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯಲು ಹೆದರಿದವಳೇ.

"ತೊಳೆದ ಡಬ್ಬಿ ನೋಡಿದಾಗಲೇ ಗೊತ್ತಾಯಿತು, ಇದನ್ನು ಬೇರೆ ಯಾರೋ ಉಣ್ಣುತ್ತಿದ್ದಾರೆ ಅಂತ. ಯಾರೆಂದು ಬಾಗಿಲಲ್ಲಿ ಇವರು ಬೆಲ್ಲಾಳ ಕೈ ಕುಲುಕಿದಾಗ ತಿಳಿಯಿತು," ಎಂದರು ಕಲ್ಯಾಣಿಯಕ್ಕ. "ಹಾಗಾದರೆ ಅರಿಶಿನ ಎಲ್ಲಿಂದ ಬಂತು? ಮಿಸೆಸ್ ವಿಟ್‌ಬಿ, ನಿಮ್ಮ ಕೊರೊನೇಷನ್ ಚಿಕನ್ ಯಾಕೆ ಹಳದಿ ಇರುತ್ತದೆ?"

"ಕರಿ ಪೌಡರ್," ಎಂದರು ಮಿಸೆಸ್ ವಿಟ್‌ಬಿ ಮೆಲ್ಲಗೆ.

"ಅದರಲ್ಲಿ ಇರುವುದೂ ನಮ್ಮ ಅರಿಶಿನವೇ. ಆ ಸ್ಯಾಂಡ್‌ವಿಚ್ ಯಾರು ತಿಂದಿರಿ?"

"ನಾನು ಮಾಂಸ ತಿನ್ನುವುದಿಲ್ಲ, ಎಗ್ ತಿಂದೆ," ಎಂದ ಜೂಲಿಯನ್.

"ಮೊಟ್ಟೆಯ ಹಳದಿ ಸೋಪಿಗೆ ಕೆಂಪಾಗುವುದಿಲ್ಲ. ನೀವು, ಮಿಸ್ಟರ್ ಪೆಕ್?"

"ನನಗೆ ಊಟಕ್ಕೆ ಪುರುಸೊತ್ತೇ ಆಗಲಿಲ್ಲ," ಎಂದ ಪೆಕ್.

"ಹೌದಾ? ಹಾಗಾದರೆ ಆ ಟೈ ಕ್ಲಿಪ್ಪನ್ನು ಎದೆಯ ಮೇಲಕ್ಕೆ, ಅದರ ಜಾಗಕ್ಕೆ ಸರಿಸುತ್ತೀರಾ?" ಅಕ್ಕ ನಿಂಬೆಯ ಹೋಳನ್ನು ಎತ್ತಿ ಹಿಡಿದರು.

ಪೆಕ್‌ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿ ಕ್ಲಿಪ್ಪನ್ನು ಮುಚ್ಚಿತು. ಕೊನೆಗೆ ಅವನೇ ಕ್ಲಿಪ್ಪು ತೆಗೆದ. ಕೆನೆಬಣ್ಣದ ಪಟ್ಟಿಯ ಮೇಲೆ ಕಡಲೆಕಾಳಿನಷ್ಟು ಕೆಂಪು ಚುಕ್ಕೆಯಿತ್ತು.

"ಕರಾರು ಓದುತ್ತಾ ತಿನ್ನುತ್ತಿದ್ದೆ. ಬ್ರೆಡ್ಡಿನೊಳಗಿಂದ ಜಾರಿ ಕಾಗದದ ಮೇಲೂ ನನಗಿರುವ ಈ ಒಂದೇ ಟೈಯ ಮೇಲೂ ಬಿತ್ತು, ಎರಡನ್ನೂ ಸೋಪಿನಿಂದ ಉಜ್ಜಿದೆ," ಎಂದ ಪೆಕ್, ತಲೆ ಎತ್ತದೆ. "ಇವಳು ರಜೆಗೆ ಬಂದವಳು, ಶುಕ್ರವಾರ ಹೋಗಿಬಿಡುತ್ತಾಳೆ ಎಂದುಕೊಂಡೆ. ನಾನಾದರೆ ಇಲ್ಲೇ ಇರಬೇಕಲ್ಲ."

"ನೀವು ಈಗ ಮನೆಗೆ ಹೋಗಿ. ನಾನು ಆಮೇಲೆ ಕರೆಯುತ್ತೇನೆ," ಎಂದರು ಮಿಸೆಸ್ ವಿಟ್‌ಬಿ. ಅವನು ಹೋದ ಮೇಲೆ ಅಶ್ಲಿನಳ ಕಡೆ ತಿರುಗಿದರು. "ಅರಿಶಿನ ಎಂದಾಗ ಮೊದಲು ನಾನು ನಿನ್ನ ಮುಖ ನೋಡಿದೆ. ಅದು ನನ್ನ ತಪ್ಪು. ನಿನ್ನ ಕೆಲಸದ ಬಗ್ಗೆ ಹೋದ ವಾರವೇ ತೀರ್ಮಾನ ಮಾಡಿದ್ದೆ, ಅದು ಬದಲಾಗುವುದಿಲ್ಲ. ಓದು ಮುಗಿಸಿ ಬಾ."

ಕೆಳಗೆ ಬರುವಾಗ ಲಿಫ್ಟಿನಲ್ಲಿ ಅಶ್ಲಿನ್ ಮಾವ್ಶಿಯನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಬೆಲ್ಲಾ ಅತ್ತಳು, ನಕ್ಕಳು, ಕಡೆಗೆ ಅಕ್ಕನ ತೋಳಿಗೆ ಒಂದು ಗುದ್ದು ಕೊಟ್ಟಳು. "ಡಬ್ಬಿಯ ವಿಷಯ ಮೊದಲೇ ಹೇಳುದಲ್ವಾ? ನನ್ನ ಜೀವವೇ ಹೋಗಿತ್ತು!"

"ಮೊದಲಽ ಹೇಳಿದ್ರ ರಾತ್ರಿಯೆಲ್ಲಾ ಈ ಕೂಸಿನ ಕೂಡ ಜಗಳಾಡತಿದ್ದಿ," ಎಂದರು ಕಲ್ಯಾಣಿಯಕ್ಕ.

ಶುಕ್ರವಾರ ಬೆಳಿಗ್ಗೆ ಬೆಲ್ಲಾ ಎರಡು ಡಬ್ಬಿ ಕಟ್ಟಿದಳು. "ಒಂದು ಕ್ಲಾರೆನ್ಸನಿಗೆ, ಪಾಪ, ರೂಢಿಯಾಗಿದೆ. ಇನ್ನೊಂದು ನಿನಗೆ. ವಾಸನೆ ಬೇಡ ಅಂತ ಬರೀ ಮೊಸರನ್ನ ಹಾಕಿದ್ದೇನೆ ಮಗಾ."

ಅಶ್ಲಿನ್ ತನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಲೆಯ ಮೇಲಿದ್ದ ಗಸಿಯ ಪಾತ್ರೆಯ ಕಡೆಗೂ ನೋಡಿದಳು. ಆಮೇಲೆ ಡಬ್ಬಿಯನ್ನು ಮುಂದೆ ಚಾಚಿದಳು.

"ಮೀನು ಹಾಕು, ಮಾವ್ಶಿ," ಎಂದಳು. ಮೂರು ವಾರದಲ್ಲಿ ಇಂಗ್ಲಿಷ್ ಬೆರೆಸದೆ ಅವಳಾಡಿದ ಮೊದಲ ಮಾತು ಅದು. "ಎಲ್ಲರ ಜೊತೆ ಮೇಲಿನ ರೂಮಿನಲ್ಲೇ ತಿನ್ನುತ್ತೇನೆ."