ಇನ್ನೂರ ಹನ್ನೆರಡು ಬಾಟಲಿಗಳು

ಶುಕ್ರವಾರ ಬೆಳಿಗ್ಗೆ ಕೋಣೆಯ ಬೀಗ ತೆರೆದಾಗ ಇನ್ನೂರ ಹನ್ನೆರಡು ಬಾಟಲಿಗಳಲ್ಲೂ ಬಳ್ಳಿ ಸತ್ತಿತ್ತು.

ಜಮಖಂಡಿಯ ಆ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಬಾಟಲಿಗಳೊಳಗೆ ಗಿಡ ಬೆಳೆಸುತ್ತಿದ್ದರು. ಇದು ಚಿಕ್ಕಪಡಸಲಗಿ ಕಡೆಯ ಹೊಳೆದಂಡೆಯ ಬಳ್ಳಿ. ಯಾವ ಔಷಧಕ್ಕೂ ಬಗ್ಗದ ರೋಗಾಣುಗಳನ್ನು ಇದರ ರಸ ಕೊಲ್ಲುತ್ತದೆಂದು ಎಂಟು ವರ್ಷ ದುಡಿದು ತೋರಿಸಿದವಳು ಶ್ರೀದೇವಿ. ಈಗ ಎಲ್ಲ ಎಲೆಗಳ ಮೇಲೂ ದಪ್ಪ ಬೂಷ್ಟು. ಅದರ ತುದಿಗೆ ಕರಿ ಚುಕ್ಕಿ.

ಸಬ್ ಇನ್‌ಸ್ಪೆಕ್ಟರ್ ಸುವರ್ಣಾ ಬಂದಾಗ ಮಧ್ಯಾಹ್ನವಾಗಿತ್ತು. ಬೆಳಗಿನಿಂದ ಕೋರ್ಟಿನಲ್ಲಿ ನಿಂತು ಕಾಲು ಬಾತಿದ್ದವು. ಐವತ್ತು ದಾಟಿದ ಮೇಲೆ ಯಾವ ಅಪರಾಧವೂ ಅವಳನ್ನು ಓಡಿಸುತ್ತಿರಲಿಲ್ಲ. ಕೂರಲು ಕುರ್ಚಿ ಸಿಕ್ಕರೆ ಸಾಕಿತ್ತು.

"ಕಸಾ ಹೊಡಿಯೋ ಸಾವಕ್ಕಂದ ಕೆಲಸಾರಿ," ಎಂದ ಮುಖ್ಯಸ್ಥ ಪ್ರಭುಲಿಂಗ. "ನಿನ್ನೆ ಸಂಜಿಕೆ ನೆಲಾ ಒರಸೂಮುಂದ ಬಾಗಲಾ ತಗದ ಇಟ್ಟಾಳ. ಧೂಳಾ ಹೊಕ್ಕೈತಿ. ಬರೋ ಸೋಮವಾರ ತಪಾಸಣಿಗೆ ಮಂದಿ ಬರೂದೈತ್ರಿ! ಆಕಿನ್ನ ಇವತ್ತ ಕೆಲಸದಿಂದ ತಗದೇನಿ."

ದೂರಿನಲ್ಲಿ ಸಾಕ್ಷಿಯೆಂದು ಶ್ರೀದೇವಿಯ ಸಹಿ ಇತ್ತು. ಅವಳು ಮೂಲೆಯಲ್ಲಿ ನಿಂತಿದ್ದಳು.

ಸುವರ್ಣಾ ಒಂದು ಬಾಟಲಿ ಎತ್ತಿದಳು. ಮುಚ್ಚಳದ ಸುತ್ತ ಬಿಗಿಯಾಗಿ ಎಳೆದು ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಅದರ ತುದಿಯಲ್ಲಿ ಸಣ್ಣ ಮಡಿಕೆ. ಇನ್ನೊಂದು ಬಾಟಲಿ ನೋಡಿದಳು. ಅದೂ ಹಾಗೆಯೇ.

"ಈ ಪಟ್ಟಿ ದಾಟಿ ಧೂಳಾ ಒಳಗ ಹೋಗತೈತೇನ್ರಿ?"

ಪ್ರಭುಲಿಂಗ ತಡವರಿಸಿದ. "ಹೋಗಬಾರದ್ರಿ."

"ಬೂಷ್ಟು ಇಷ್ಟ ಬೆಳಿಯಾಕ ಎಷ್ಟ ದಿನಾ?"

"ನಾಕ ದಿನಾ ಬೇಕು..." ಅವನ ದನಿ ಇಳಿಯಿತು.

* * *

ಸಾವಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ. ಬನಹಟ್ಟಿಯ ನೇಕಾರರ ಮನೆಯವಳು. ಗಂಡನ ಕಾಲಿನ ಗಾಯ ವರ್ಷವಾದರೂ ಮಾಯದೆ, ಈಗ ಅವಳ ಪಗಾರದ ಮೇಲೆಯೇ ಮನೆ ನಡೆದಿತ್ತು.

"ಹ್ವಾದ ಸೋಮವಾರ ಎಲ್ಲಿದ್ದೆವ್ವಾ?"

"ಅಮಾಸಿ ಅಲ್ರೀ ಬಾಯಾರ. ಮಗ್ಗದ ಪೂಜಿ. ಅವತ್ತ ನಾ ಮನಿ ಬಿಟ್ಟ ದುಡಿಯಾಕ ಬರಂಗಿಲ್ಲ. ಹನ್ನೊಂದ ವರ್ಷಾತು, ಒಂದ ಅಮಾಸಿಗೂ ಬಂದಿಲ್ಲ."

"ಬಾಟಲಿ ಕೆಟ್ಟದ್ದ ನೋಡಿದ್ದಿಲ್ಲೇನು?"

"ಬುಧವಾರನ ನೋಡಿದ್ನಿರಿ. ಹತ್ತಿ ಹಿಂಜಿ ತುಂಬಿದಂಗ ಬೆಳ್ಳಗ ಇತ್ತು. ಶ್ರೀದೇವಿ ಅಕ್ಕಾರಿಗೆ ಹೇಳಿದ್ನಿ. 'ಇರಲಿ ಬಿಡು, ನಿನಗ್ಯಾಕ' ಅಂದ್ರು."

"ಆ ಪಟ್ಟಿ ಯಾರ ಸುತ್ತತಾರ?"

"ಅಕ್ಕಾರ ಒಬ್ರ. ನನ್ನ ಕೆಲಸಾ ಖಾಲಿ ಬಾಟಲಿ ತೊಳಿಯೂದು. ಸಾಹೇಬ್ರು ಬಾಟಲಿ ಹಿಡದಿದ್ದು ಫೋಟೋದಾಗ ಅಷ್ಟ ನೋಡೇನ್ರಿ."

ಸುವರ್ಣಾಳಿಗೆ ನಗು ಬಂತು. ಏಳಲು ಮನಸ್ಸಾಗಲಿಲ್ಲ. ಆದರೂ ಎದ್ದಳು.

* * *

ಪ್ರಭುಲಿಂಗನ ಎದುರಿಗೇ ಅವಳು ಬಾಟಲಿಯನ್ನು ಶ್ರೀದೇವಿಯ ಮುಂದಿಟ್ಟಳು.

"ಹಾಳ ಮಾಡಾಕ ಬಂದವರು ಮುಚ್ಚಳಾ ಒಗದ ಹೋಗತಾರ. ಇಲ್ಲಿ ಬಾಟಲಿ ತೆರದು, ಹೊಲಸ ಮುಟ್ಟಿಸಿ, ಮತ್ತ ಪಟ್ಟಿ ಸುತ್ತಿ ತುದಿ ಮಡಚ್ಯಾರ. ಇನ್ನೂರ ಹನ್ನೆರಡ ಸಲ. ಎಂಟ ವರ್ಷದ ರೂಢಿ, ಶ್ರೀದೇವಿ. ಕೊಲ್ಲೂಮುಂದೂ ನಿಮ್ಮ ಕೈ ಬಾಟಲಿ ತೆರದ ಬಿಡಲಿಲ್ಲ. ಇದು ಆಗಿದ್ದು ಹ್ವಾದ ಸೋಮವಾರ. ಅವತ್ತ ಸಾವಕ್ಕ ಇದ್ದಿಲ್ಲ. ಬುಧವಾರ ಆಕಿ ಹೇಳಿದ್ರೂ ನೀವು ಗಾಬರಿ ಆಗಲಿಲ್ಲ. ಯಾಕಂದ್ರ ನಿಮಗ ಮೊದಲ ಗೊತ್ತಿತ್ತು."

ಶ್ರೀದೇವಿ ತನ್ನ ಬೆರಳುಗಳನ್ನು ನೋಡಿಕೊಂಡಳು, ಬೇರೆ ಯಾರವೋ ಎಂಬಂತೆ.

"ದಂಡಿ ಮ್ಯಾಲಿನ ಬಳ್ಳಿ ರೋಗಾಣು ಕೊಲ್ಲತೈತ್ರಿ. ಅದು ಖರೆ. ಬಾಟಲ್ಯಾಗ ಬೆಳದದ್ದು ಕೊಲ್ಲಂಗಿಲ್ಲ. ಹುಳಾ ಇಲ್ಲ, ಬಿಸಲ ಇಲ್ಲ, ಅದ್ಯಾಕ ಆ ರಸಾ ಮಾಡೀತು? ಎರಡ ವರ್ಷದಿಂದ ಗೊತ್ತಿತ್ತು. ಆದ್ರೂ ಕೊಲ್ಲತೈತಿ ಅಂತ ವರದಿ ಬರದೆ. ಬರೋ ಸೋಮವಾರ ತಪಾಸಣಿಗೆ ಬಂದವರು ಬಾಟಲಿ ಒಯ್ದು ಪರೀಕ್ಷಾ ಮಾಡ್ತಿದ್ರು. ದಣದಿದ್ದೆ ಮೇಡಂ."

"ದಣಿವು ನನಗ ತಿಳೀತೈತಿ," ಎಂದಳು ಸುವರ್ಣಾ. ನಿಜಕ್ಕೂ ತಿಳಿಯುತ್ತಿತ್ತು. "ಸಾವಕ್ಕನ ಹೆಸರಿನ ಕೆಳಗ ಸಹಿ ಮಾಡಿದ್ದು ತಿಳಿಯಂಗಿಲ್ಲ."

ಶ್ರೀದೇವಿಯನ್ನು ಕರೆದುಕೊಂಡು ಹೊರಗೆ ಬಂದಳು. ಪ್ರಭುಲಿಂಗ ತಲೆ ತಗ್ಗಿಸಿ ಹಿಂಬಾಲಿಸಿದ. ಮೆಟ್ಟಿಲ ಹತ್ತಿರ ಶ್ರೀದೇವಿ ನಿಂತಳು.

"ನಾನ ಮಾಡಿದ್ದು, ಸಾವಕ್ಕಾ. ತಪ್ಪಾತು."

ಸಾವಕ್ಕ ಅವಳತ್ತ ತಿರುಗಲಿಲ್ಲ. ಪ್ರಭುಲಿಂಗನನ್ನು ಕೇಳಿದಳು: "ನಾಳಿಗೆ ಬರ್ಲ್ಯೋ ಬ್ಯಾಡೋ? ಅಷ್ಟ ಹೇಳ್ರಿ."

"ಬಾ ಯವ್ವಾ."

"ಬರ್ಲೇಬೇಕಲ್ಲ. ಅಷ್ಟೂ ಬಾಟಲಿ ಯಾರ ತೊಳಿಯೂರು ಮತ್ತ?"

ಅವಳು ಅಲ್ಲಿಯವರೆಗೆ ಮುಟ್ಟದಿದ್ದ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಉಣ್ಣತೊಡಗಿದಳು.