ತೊಳೆದ ಕಲ್ಲುಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮುದಿ ಟೈಲ್ಸ್ ಮೇಸ್ತ್ರಿ ಠಾಣೆಗೆ ಬಂದು ದೂರು ಕೊಟ್ಟ. ಹಳೆಯ ಗಣಿಯ ಕಲ್ಲುಗುಡ್ಡೆಯ ಕೆಳಗಿರುವ ನೀರಿನ ತೊಟ್ಟಿಗೆ ಯಾರೋ ವಿಷ ಬೆರೆಸಿದ್ದಾರೆ, ಕೇರಿಯ ಒಂಬತ್ತು ಮಕ್ಕಳು ಹಾಸಿಗೆ ಹಿಡಿದಿದ್ದಾರೆ, ತನ್ನ ನಾಲ್ಕು ವರ್ಷದ ಮೊಮ್ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಿಲ್ಲ.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಇಂಥ ಪಾಪಿ ನಮ್ಮ ಕೇರೀಲಿ ಯಾರೂ ಇಲ್ಲ ಸಾರ್," ಎಂದು ಮೇಸ್ತ್ರಿ ಕೆಮ್ಮಿದ.

ರೈಟರ್ ಎಫ್‌ಐಆರ್‌ನಲ್ಲಿ 'ಅಪರಿಚಿತ ವ್ಯಕ್ತಿ' ಎಂದು ಬರೆದ.

ಹನ್ನೊಂದೂವರೆಗೆ ತೊಟ್ಟಿಯ ಬಳಿ ಪಂಚನಾಮೆ. ಬಾಟಲಿಯಿಲ್ಲ, ಪೊಟ್ಟಣವಿಲ್ಲ. ಜೊತೆಗಿದ್ದ ಕಾನ್ಸ್‌ಟೇಬಲ್‌ಗೆ ಠಾಣೆಯಲ್ಲಿ ಮೂಗಪ್ಪ ಎಂದೇ ಹೆಸರು; ಯಾರ ಡಬ್ಬಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುವವನು. ಅವನು ಮೇಲಿನ ಕಲ್ಲುಗಳತ್ತ ಬಗ್ಗಿದ.

"ಕಕ್ಕಸು ತೊಳೆದ ವಾಸನೆ ಸಾರ್."

ಹದಿಮೂರರಂದು, ಹೋದ ವರ್ಷ ಈ ಗುಡ್ಡೆಯ ಸಮೀಕ್ಷೆ ಮಾಡಿದ್ದ ಭೂವಿಜ್ಞಾನದ ಮೇಡಂ ಕೈಯಳತೆಯ ಯಂತ್ರ ತಂದು ಕಲ್ಲುಗಳಿಗೆ ಬೆಳಕು ಹಾಯಿಸಿದರು.

"ಹೋದ ವರ್ಷ ಇವು ಮಸಿ ಬಳಿದ ಹಾಗಿದ್ವು, ಬಿದ್ದ ಬೆಳಕೆಲ್ಲ ನುಂಗ್ತಿದ್ವು. ಈಗ ವಾಪಸ್ ಎಸೀತಿವೆ. ಕಪ್ಪು ಪೊರೆ ಹೋಗಿದೆ."

"ಕೊಳೆ ಹೋದ್ರೆ ಒಳ್ಳೇದಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅದು ಕೊಳೆಯಲ್ಲ, ಮ್ಯಾಂಗನೀಸ್. ಗುಡ್ಡೆಯಿಂದ ಇಳಿಯೋ ಸೀಸದ ವಿಷಾನ ಅದೇ ಹಿಡಿದಿಟ್ಕೊಂಡಿತ್ತು."

ಹದಿನೈದರಂದು, ಮಧ್ಯಾಹ್ನ ಎರಡಕ್ಕೆ, ರಾಸಾಯನಿಕ ವರದಿ ಬಂತು. ಕಲ್ಲಿನ ಸಂದಿಯಲ್ಲಿ ಉಳಿದ ಕಪ್ಪಿನಲ್ಲೂ ತೊಟ್ಟಿಯ ನೀರಿನಲ್ಲೂ ಮ್ಯಾಂಗನೀಸ್ ಮತ್ತು ಸೀಸದ ಪ್ರಮಾಣ ತಾಳೆಯಾಗುತ್ತಿತ್ತು. ಕಕ್ಕಸು ತೊಳೆಯುವ ಆಸಿಡ್ ಬಿಟ್ಟುಹೋಗುವ ಕ್ಲೋರೈಡ್ ನೀರಿನಲ್ಲಿ ಮಾಮೂಲಿಗಿಂತ ಹನ್ನೆರಡು ಪಟ್ಟು ಇತ್ತು. ವಿಷವನ್ನು ಹೊರಗಿನಿಂದ ಯಾರೂ ತಂದಿರಲಿಲ್ಲ. ಕಲ್ಲು ಬಿಗಿಹಿಡಿದಿದ್ದನ್ನು ಯಾರೋ ಆಸಿಡ್ ಹಾಕಿ ಬಿಡಿಸಿದ್ದರು. ಮೊಮ್ಮಗಳು ಅಂದು ಬೆಳಿಗ್ಗೆ ಆರಕ್ಕೇ ತೀರಿಕೊಂಡಿದ್ದಳು.

"ಆಸಿಡ್ ಯಾರು ಒಯ್ತಾರೆ?" ಮೂಗಪ್ಪ ಹಾರ್ಡ್‌ವೇರ್ ಅಂಗಡಿಯವನನ್ನು ಕೇಳಿದ.

"ಮೇಸ್ತ್ರಿ. ಕೆಲಸ ಬಿಟ್ಟು ಆರು ವರ್ಷ ಆಯ್ತು, ಆದ್ರೂ ಈಗ ಎರಡು ತಿಂಗಳಿಂದ ವಾರಕ್ಕೆ ಎರಡು ಕ್ಯಾನ್."

ಮುದುಕ ಮನೆಯಲ್ಲಿರಲಿಲ್ಲ. ಗುಡ್ಡೆಯ ಮೇಲೆ, ಬ್ರಶ್ ಹಿಡಿದು ಕಲ್ಲು ಉಜ್ಜುತ್ತಿದ್ದ. ಬೆರಳ ಚರ್ಮ ಸುಲಿದಿತ್ತು.

"ಎರಡು ತಿಂಗಳಿಂದ ತೊಳೀತಿದೀನಿ ಸಾರ್. ಈ ಕರಿ ಮೇಲಿಂದ ಬಂದ ನೀರನ್ನ ಮಗು ಕುಡೀಬೇಕಲ್ಲ ಅಂತ. ಇನ್ನೂ ಅರ್ಧ ಉಳಿದಿದೆ. ಅವಳಂತೂ ಹೋದಳು, ಮಿಕ್ಕ ಮಕ್ಕಳಾದ್ರೂ ಉಳೀಲಿ."

ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತು ವರದಿಯಲ್ಲಿದ್ದುದನ್ನು ಬಿಡಿಸಿ ಹೇಳಿದರು. ಎರಡು ಸಲ ಹೇಳಬೇಕಾಯಿತು. ಈ ಕೆಲಸಕ್ಕೆ ಯಾಕಾದರೂ ಸೇರಿದೆನೋ ಎಂದು ಅವರಿಗೆ ಅನಿಸಿತು.

"ಮತ್ತೆ ಕಪ್ಪಾಗೋಕೆ ಎಷ್ಟು ದಿನ ಬೇಕು?" ಮುದುಕ ಕೇಳಿದ.

"ಹತ್ತಾರು ವರ್ಷ."

ಐದು ಐವತ್ತಕ್ಕೆ ಬಂಧನ. ನಿರ್ಲಕ್ಷ್ಯದಿಂದಾದ ಸಾವು ಎಂದು ಪ್ರಕರಣ. ಠಾಣೆಯಲ್ಲಿ ರೈಟರ್ ಪೆನ್ನು ಎತ್ತಿ ಹಿಡಿದು ಕೂತ.

"ಕಾರಣ ಏನಂತ ಬರೀಲಿ ಸಾರ್?"

"ಮೊಮ್ಮಗಳಿಗೆ ಒಳ್ಳೇ ನೀರು ಕುಡಿಸಬೇಕಿತ್ತು ಅಂತ ಬರಿ."

ಅಷ್ಟರಲ್ಲಿ ಮೇಸ್ತ್ರಿಯ ಮಗಳು ಶವಾಗಾರದಿಂದ ನೇರ ಠಾಣೆಗೆ ಬಂದಳು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

"ವಿಷ ಹಾಕಿದೋನು ಸಿಕ್ಕಿದನಂತೆ?"

"ಹೂಂನಮ್ಮ," ಎಂದರು ಇನ್ಸ್‌ಪೆಕ್ಟರ್.

"ಅವನನ್ನ ಬಿಡಬೇಡಿ ಸಾರ್." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನು ಸಿಕ್ಕಿದ ಅಂತ ಅಪ್ಪನಿಗೆ ನಾನೇ ಹೇಳ್ತೀನಿ. ಮನೇಲಿಲ್ಲ, ಇಲ್ಲಿಗೇನಾದ್ರೂ ಬಂದಿದ್ರಾ?"